ಸುಣ್ಣ ಸುರಿಯುವ ಮುನ್ನ ಪಾಚಿ ನೋಡಿ

ಮಾನ್ಯರೇ,

ಮಲೆನಾಡಿನ ಗುಡ್ಡದ ಮೇಲಿನ ಹೊಂಡ, ಜೌಗುಗಳ ನೀರು ಚಹಾದ ಬಣ್ಣಕ್ಕೆ ತಿರುಗಿತೆಂದರೆ ಸಾಕು, ‘ನೀರು ಹುಳಿಯಾಗಿದೆ, ಸುಣ್ಣ ಹಾಕಿ’ ಎಂಬ ಸಲಹೆ ಬಂದುಬಿಡುತ್ತದೆ. ಮೀನು ಸಾಕುವ ಕೆರೆಗೆ ಅದು ಸರಿ. ಜಂಬಿಟ್ಟಿಗೆ ನೆಲದಲ್ಲಿ ಮಳೆನೀರು ನಿಂತ ಜೌಗಿಗೆ ಸಲ್ಲದು.

ಆ ಕಂದು ಬಣ್ಣ ಕೊಳೆತ ಎಲೆ, ಹುಲ್ಲಿನದು. ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರಿಂದ 6.5ರ ಆಸುಪಾಸಿನ, ಸುಣ್ಣದಂಶ ತೀರಾ ಕಡಿಮೆ ಇರುವ ಇಂಥ ಮೆದುನೀರೇ ಡೆಸ್ಮಿಡ್ ಎಂಬ ಹಸಿರು ಪಾಚಿಗಳ ತವರು. ಇವುಗಳಲ್ಲಿ ಹೆಚ್ಚಿನವು ಒಂದೇ ಕೋಶದವು. ಕುಡುಗೋಲಿನ ಆಕಾರದ ಕ್ಲೋಸ್ಟೀರಿಯಂ ಎಂಬ ಡೆಸ್ಮಿಡನ್ನು 400 ಪಟ್ಟು ಹಿಗ್ಗಿಸಿ ನೋಡಿ: ಎರಡೂ ತುದಿಯ ಪುಟ್ಟ ಗುಳ್ಳೆಗಳಲ್ಲಿ ಹರಳಿನ ಕಣಗಳು ಬಿಡುವಿಲ್ಲದೆ ಕುಣಿಯುತ್ತಿರುತ್ತವೆ. ಸುಣ್ಣ ಬಿದ್ದು ಪಿಎಚ್ 8 ದಾಟಿದರೆ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಬಹುಪಾಲು ಬೈಕಾರ್ಬೊನೇಟ್ ಆಗುತ್ತದೆ. ಅದನ್ನು ಬಳಸಿಕೊಳ್ಳುವುದು ಅನೇಕ ಡೆಸ್ಮಿಡ್‌ಗಳಿಗೆ ಒಗ್ಗದು. ನೀಲಿಹಸಿರು ಪಾಚಿಗೆ ಸಲೀಸು.

ಪರೀಕ್ಷೆಯಲ್ಲೂ ಎಡವಟ್ಟು. ನಡುಮಧ್ಯಾಹ್ನ ಒಂದು ಬಾಟಲಿ ತುಂಬಿ ಪೇಟೆಗೆ ಒಯ್ದರೆ ದಾರಿಯಲ್ಲೇ ಇಂಗಾಲದ ಡೈಆಕ್ಸೈಡ್ ಏರುಪೇರಾಗಿ ಪಿಎಚ್ ಬದಲಾಗಿರುತ್ತದೆ. ಅಳತೆ ಸ್ಥಳದಲ್ಲೇ ಆಗಬೇಕು, ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ. ಲವಣ ಕಡಿಮೆ ಇರುವ ನೀರಿನಲ್ಲಿ ಪಿಎಚ್ ಮೀಟರಿನ ಅಂಕಿ ಬೇಗ ನಿಲ್ಲದು; ಪಿಎಚ್ 4 ಮತ್ತು 7ರ ಬಫರ್‌ಗಳಿಗೆ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಿಗೆ) ಹೊಂದಿಸಿಕೊಂಡು, ನೀರು ಕಲಕದೆ ಐದು ನಿಮಿಷವಾದರೂ ಕಾಯಬೇಕು. ಆಮ್ಲಜನಕದ ಮೀಟರಿಗೆ ಎತ್ತರ ತಿಳಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ನ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಕೊಡಚಾದ್ರಿಯ ನೆತ್ತಿಯಲ್ಲಿ, ಅಂದರೆ 1,343 ಮೀಟರಿನಲ್ಲಿ, ಹಿಡಿಯುವುದು ಸುಮಾರು ಏಳು. ಇದನ್ನು ಮರೆತರೆ ಒಳ್ಳೆಯ ನೀರೂ ‘ಕಳಪೆ’ಯ ಪಟ್ಟಿಗೆ ಸೇರುತ್ತದೆ.

ಪಾಚಿ ಹಿಡಿಯಲು 20 ಮೈಕ್ರಾನ್ ಕಣ್ಣಿನ ಬಲೆಯೊಂದೇ ಸಾಲದು, ಹೆಚ್ಚಿನವು ಪಾಚಿಹಾಸು ಮತ್ತು ನೀರೊಳಗಿನ ಗಿಡಗಳಿಗೆ ಅಂಟಿಕೊಂಡಿರುತ್ತವೆ. ಒಂದು ಹಿಡಿ ಹಿಂಡಿ, ಆ ರಸವನ್ನು ಎರಡು ಬಾಟಲಿಗೆ ಅರ್ಧರ್ಧ ತುಂಬಿ. ಒಂದಕ್ಕೆ, ಪಾಚಿ ಕೆಡದಂತೆ, ಲಘುವಾದ ಚಹಾ ಬಣ್ಣ ಬರುವಷ್ಟು ಲುಗಾಲ್ ಅಯೋಡಿನ್ ದ್ರಾವಣ ಹನಿಸಿ ಕತ್ತಲಲ್ಲಿಡಿ. ಬಣ್ಣ ಮಾಸಿದರೆ ಮತ್ತೆ ಹನಿಸಿ. ಅಯೋಡಿನ್ ಹಸಿರನ್ನು ಮುಚ್ಚುವುದರಿಂದ ಇನ್ನೊಂದನ್ನು ಜೀವಂತವಾಗಿಯೇ ತಂಪಿನಲ್ಲಿಟ್ಟು, ಒಂದು ದಿನದೊಳಗೆ ನೋಡಿ ಮುಗಿಸಬೇಕು.

ಅಡಿಕೆ ಬೆಳೆಗಾರರಲ್ಲೂ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮನ್ನು ತೋಟದ ಮೇಲಿನ ಜೌಗಿನಲ್ಲಿ ತೊಳೆಯಬೇಡಿ. ಶೇ 1ರ ಬೋರ್ಡೋ ದ್ರಾವಣದ 100 ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತವೆಂದರೆ ಪಾಚಿ ಕೊಲ್ಲಲೆಂದೇ ಕೆರೆಗೆ ಹಾಕುವ ಮದ್ದು. ಅದರ ತಾಮ್ರ ಗಡಸು ನೀರಿಗಿಂತ ಮೆದುನೀರಿನಲ್ಲಿ ಹೆಚ್ಚು ವಿಷ.

ಹೂಳು ತೆಗೆಯಲೇಬೇಕೆಂದಿದ್ದರೆ ಈ ಬೇಸಿಗೆಗೆ ಅರ್ಧ, ಮುಂದಿನದಕ್ಕೆ ಉಳಿದರ್ಧ. ಮೊದಲ ಮಳೆಗೆ ಮೊಳೆಯುವ ಬೀಜಕಗಳು ಮಲಗಿರುವುದು ಕೆಸರಿನ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ, ಜೆಸಿಬಿ ಮೊದಲು ಎತ್ತುವುದೂ ಅದನ್ನೇ.

– ಇಬ್ಬರು ಜೀವಶಾಸ್ತ್ರ ಅಧ್ಯಾಪಕರು, ಸಾಗರ