ಬಾಗಿಲು ಮುಚ್ಚಿದರೂ ಫೋನ್ ಎತ್ತಿ

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದಲ್ಲಿ ಹಲ್ಲಿನ ಡಾಕ್ಟರುಗಳು ಹೆದರಿ ಬಾಗಿಲು ಹಾಕಿಕೊಂಡರು, ಜನ ನೋವಿನ ಮಾತ್ರೆ ನುಂಗಿಕೊಂಡು ತಿಂಗಳುಗಟ್ಟಲೆ ಕೂತರು ಎಂದು ನಿಮ್ಮ ಪತ್ರಿಕೆಗೆ ಓದುಗರೊಬ್ಬರು ಬರೆದಿದ್ದಾರೆ. ಅವರ ಸಿಟ್ಟು ಅರ್ಧ ಸರಿ. ಉಳಿದರ್ಧಕ್ಕೆ ನನ್ನಂಥವರು ಉತ್ತರ ಕೊಡಬೇಕು. ನಾನು ಡಾಕ್ಟರಲ್ಲ. ಡಾಕ್ಟರ ಕುರ್ಚಿಯ ಪಕ್ಕ ನಿಂತು ಬಾಯಿಯ ನೀರು, ಎಂಜಲು ಎಳೆದು ತೆಗೆಯುವ ಸಕ್ಷನ್ ಪೈಪ್ ಹಿಡಿಯುವವಳು, ಸಿಮೆಂಟ್ ಕಲಸುವವಳು, ಉಪಕರಣ ತೊಳೆದು ಆಟೋಕ್ಲೇವ್‌ಗೆ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ) ಹಾಕುವವಳು, ಫೋನ್ ಎತ್ತುವವಳು. ಆ ತಿಂಗಳುಗಳಲ್ಲಿ ಉಳಿದ ಕೆಲಸವೆಲ್ಲ ನಿಂತು ನನಗೆ ಫೋನ್ ಒಂದೇ ಗತಿಯಾಗಿತ್ತು.

ಮೊದಲು ಹೆದರಿಕೆಯ ವಿಷಯ. ಹೆದರಿದ್ದು ನಿಜ, ಅದಕ್ಕೆ ಕಾರಣವೂ ಇತ್ತು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಆ ಬಿಸಿಗೆ ಒಳಗಿನ ನರ ಸುಡಬಾರದೆಂದು ಅದರ ತುದಿಯಿಂದ ನೀರು ಚಿಮ್ಮುತ್ತಲೇ ಇರುತ್ತದೆ. ಆ ನೀರಿಗೆ ಎಂಜಲು, ರಕ್ತ ಬೆರೆತು ಮಂಜಿನ ಹಾಗೆ ಏಳುತ್ತದೆ. ಹಲ್ಲು ಶುಚಿಮಾಡುವ ಸ್ಕೇಲರ್‌ನದು ಇನ್ನೂ ಜೋರು. ಬೇರೆಲ್ಲ ಕಡೆ ಜನರಿಗೆ ಮಾಸ್ಕ್ ಹಾಕಿಕೊಳ್ಳಿ ಅನ್ನಬಹುದು. ನಮ್ಮಲ್ಲಿ ಮಾಸ್ಕ್ ತೆಗೆದು ಬಾಯಿ ಅಗಲಿಸಿ ಅನ್ನಬೇಕು, ಆಮೇಲೆ ಒಂದು ಗೇಣಿನ ದೂರದಲ್ಲಿ ಮುಖ ಇಟ್ಟುಕೊಂಡು ಅಷ್ಟು ಹೊತ್ತು ನಿಲ್ಲಬೇಕು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಜಾಗತಿಕ ಪಿಡುಗು ಎಂದಿತು. 16ನೇ ತಾರೀಕಿಗೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ತುರ್ತಲ್ಲದ ಚಿಕಿತ್ಸೆಗಳನ್ನು ಮುಂದೂಡಿ ಎಂದಿತು. 25ಕ್ಕೆ ಇಂಗ್ಲೆಂಡಿನಲ್ಲಿ ಮಾಮೂಲಿ ದಂತ ಚಿಕಿತ್ಸೆ ಪೂರ್ತಿ ನಿಂತಿತು, ಮತ್ತೆ ಶುರುವಾದದ್ದು ಜೂನ್ 8ಕ್ಕೆ. ಯಾರಿಗೂ ಏನೂ ಗೊತ್ತಿಲ್ಲದ ಆ ವಾರಗಳಲ್ಲಿ ಬಾಗಿಲು ಹಾಕಿದ್ದನ್ನು ನಾನು ದೂರುವುದಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದವಳು ನಾನು.

ಆಮೇಲೆ ಗೊತ್ತಾದದ್ದು ಬೇರೆ. 2020ರ ಜೂನ್‌ನಲ್ಲಿ ಅಮೆರಿಕದ ದಂತವೈದ್ಯರನ್ನು ಕೇಳಿ ನೋಡಿದಾಗ ಸೋಂಕು ತಗುಲಿದವರ ಅಂದಾಜು ಶೇ 1ಕ್ಕಿಂತ ಕಡಿಮೆ. 2021ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಆ ಮಂಜಿನ ಹನಿಗಳನ್ನೇ ಹಿಡಿದು ಪರೀಕ್ಷಿಸಿದರೆ, ಅದರಲ್ಲಿದ್ದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಯಂತ್ರದ ನೀರಿನಿಂದ ಬಂದವು, ಎಂಜಲಿನಿಂದ ಬಂದದ್ದು ಕಡಿಮೆ. ಹಾಗಾದರೆ ಮುಚ್ಚಿದ್ದೇ ದಂಡ ಅನ್ನುತ್ತೀರೋ? ಕೊಡೆ ಹಿಡಿದು ನಡೆದವನು ನೆನೆಯಲಿಲ್ಲ ಎಂದರೆ ಮಳೆಯೇ ಬರಲಿಲ್ಲ ಎಂದಾಗುವುದಿಲ್ಲ. ಎನ್95, ಮುಖಕ್ಕೆ ಶೀಲ್ಡ್, ಅಗಲ ಬಾಯಿಯ ಸಕ್ಷನ್, ಹಲ್ಲಿನ ಸುತ್ತ ಎಂಜಲು ತಡೆಯುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್), ಕಿಟಕಿ ತೆರೆದಿಡುವುದು ಇವೆಲ್ಲ ಇದ್ದುದರಿಂದ ಆ ಅಂಕಿ ಕಡಿಮೆ ಬಂತು. ಇವಕ್ಕಾಗಿ ಬಿಲ್ಲಿನಲ್ಲಿ ಬೇರೆ ಸಾಲು ಸೇರಿಸಿದರು ಎನ್ನುವ ದೂರೂ ಪತ್ರದಲ್ಲಿದೆ. ಖರ್ಚಂತೂ ಆಗಿದೆ. ಆದರೆ ಪೇಶಂಟನ್ನು ಕುರ್ಚಿಯಲ್ಲಿ ಮಲಗಿಸುವ ಮೊದಲೇ ಅದನ್ನು ಹೇಳಬೇಕಿತ್ತು. ಎದ್ದ ಮೇಲೆ ಹೇಳಿದವರ ಪರವಾಗಿ ನಾನು ವಾದಿಸುವುದಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ‘ತುರ್ತು’ ಯಾವುದು, ‘ಮುಂದೂಡಬಹುದಾದ್ದು’ ಯಾವುದು ಎಂದು ಪಟ್ಟಿಗಳು ಬಂದವು. ಅವು ಕಾಗದದ ಮೇಲೆ ಚೆನ್ನಾಗಿಯೇ ಇದ್ದವು. ಆದರೆ ಹಲ್ಲುನೋವಿನವನು ತಾನು ಯಾವ ಪಟ್ಟಿಗೆ ಸೇರಿದವನೆಂದು ತಾನೇ ತೀರ್ಮಾನಿಸುವ ಹಾಗಾಯಿತು. 2020ರ ಆಗಸ್ಟ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿತು. ಸೋಂಕು ಸಮುದಾಯದಲ್ಲಿ ಹರಡುತ್ತಿರುವ ಕಡೆ ತಪಾಸಣೆ, ಸ್ಕೇಲಿಂಗ್‌ನಂಥ ಮಾಮೂಲಿ ಕೆಲಸ ತಡೆಯಿರಿ, ತುರ್ತು ಚಿಕಿತ್ಸೆ ಮಾತ್ರ ಕೊಡಲೇಬೇಕು ಎಂಬುದು ಅದರ ಸಾರ. ಸುದ್ದಿಯ ತಲೆಬರಹಗಳಲ್ಲಿ ಅದು ‘ದಂತವೈದ್ಯರ ಬಳಿ ಹೋಗಬೇಡಿ’ ಎಂದಾಯಿತು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 12ನೇ ತಾರೀಕು ಇದನ್ನು ಬಲವಾಗಿ ಒಪ್ಪುವುದಿಲ್ಲ ಎಂದು ಹೇಳಿಕೆ ಕೊಟ್ಟಿತು, ಬಾಯಿಯ ಆರೈಕೆ ದೇಹದ ಆರೋಗ್ಯದ ಭಾಗ ಎಂದಿತು. ಆ ಹೇಳಿಕೆ ಎಷ್ಟು ಜನರನ್ನು ಮುಟ್ಟಿತೋ ಕಾಣೆ. ನನಗೆ ಫೋನ್ ಮಾಡಿದವರು ಮಾತ್ರ ‘ಹೋಗಬಾರದು ಅಂದಿದ್ದಾರಂತಲ್ಲಮ್ಮ, ಸುಮ್ಮನೆ ಕೇಳೋಣ ಅಂತ ಮಾಡಿದೆ’ ಎಂದೇ ಮಾತು ಶುರು ಮಾಡುತ್ತಿದ್ದರು. ಕೆನ್ನೆ ಊದಿಕೊಂಡವರೂ ಹಾಗೇ ಅನ್ನುತ್ತಿದ್ದರು.

ಫೋನ್ ಎತ್ತಿದ ಕೂಡಲೇ ಏನು ಕೇಳಬೇಕೆಂದು ನಮ್ಮ ಡಾಕ್ಟರಮ್ಮ ನನಗೆ ಹೇಳಿಕೊಟ್ಟಿದ್ದರು. ನೋವು ಎಷ್ಟಿದೆ ಎನ್ನುವುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ನೀರು ನುಂಗಲು ಆಗುತ್ತಿದೆಯೇ? ಆಮೇಲೆ, ಉಸಿರಾಡಲು ಕಷ್ಟವೇ? ಬಾಯಿ ಎರಡು ಬೆರಳು ಹಿಡಿಸುವಷ್ಟಾದರೂ ತೆರೆಯುತ್ತದೆಯೇ? ಬಾವು ಎಲ್ಲಿದೆ, ಒಸಡಿನ ಮೇಲೋ, ಕೆನ್ನೆಯಲ್ಲೋ, ದವಡೆಯ ಕೆಳಗೆ ಕುತ್ತಿಗೆಗೆ ಇಳಿದಿದೆಯೋ, ಕಣ್ಣಿನವರೆಗೆ ಏರಿದೆಯೋ? ಜ್ವರ ಇದೆಯೇ? ಸಕ್ಕರೆ ಕಾಯಿಲೆ? ರಕ್ತ ತೆಳು ಮಾಡುವ ಮಾತ್ರೆ? ಇಷ್ಟು ಕೇಳಿದ ಮೇಲೆ ನೋವಿನ ಮಾತು.

ಈ ಕ್ರಮ ಯಾಕೆಂದು ನನಗೆ ಅರ್ಥವಾದದ್ದು ಒಂದು ಕರೆಯಿಂದ. ಮಗ ಮಾತಾಡಿದ. ಅಪ್ಪನಿಗೆ ಕೆಳಗಿನ ದವಡೆ ಹಲ್ಲು ವಾರದಿಂದ ನೋಯುತ್ತಿತ್ತು, ಈಗ ನೋವು ಹೋಗಿದೆ, ಸ್ವಲ್ಪ ಊತ ಉಳಿದಿದೆ, ಅದಕ್ಕೆ ಮಾತ್ರೆ ಹೇಳಿ ಎಂದ. ಖುಷಿಯಾಗಿಯೇ ಇದ್ದ. ಊತ ಎಲ್ಲಿ ಎಂದರೆ ಗದ್ದದ ಕೆಳಗೆ ಎರಡೂ ಬದಿ ಎಂದ. ಅಪ್ಪನಿಗೇ ಫೋನ್ ಕೊಡಿ ಎಂದೆ. ನಾಲಿಗೆ ಮೇಲಕ್ಕೆ ತಳ್ಳಿಕೊಂಡು ಅವರ ಮಾತು ದಪ್ಪವಾಗಿತ್ತು. ಎಂಜಲು ನುಂಗಲಾಗದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರಂತೆ. ಡಾಕ್ಟರಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಇಲ್ಲಿಗೆ ಬರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಈಗಲೇ ಹೊರಡಿ ಎಂದರು. ಅಲ್ಲಿ ಕುತ್ತಿಗೆ ಕೊಯ್ದು ಕೀವು ತೆಗೆದರು, ಆ ಹಿರಿಯರು ಉಳಿದರು. ಇದಕ್ಕೆ ಲುಡ್ವಿಗ್ ಆಂಜೈನಾ ಎನ್ನುತ್ತಾರೆ. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ವಿವರಿಸಿದ ರೋಗ. ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೆಚ್ಚಿನ ಸಲ ಅದರ ಮೂಲ ಕೆಳಗಿನ ದವಡೆಯ ಒಂದು ಹುಳುಕು ಹಲ್ಲು.

ನೋವು ಹೋಯಿತು ಎಂದರೆ ವಾಸಿಯಾಯಿತು ಎಂದಲ್ಲ ಎಂಬುದನ್ನು ಎಷ್ಟು ಹೇಳಿದರೂ ಸಾಲದು. ಒಳಗಿನ ನರ ಜೀವಂತ ಇರುವಾಗ ನೋವು ಕೂಗಿ ಹೇಳುತ್ತದೆ. ಅದು ಸತ್ತಾಗ ಸದ್ದು ನಿಲ್ಲುತ್ತದೆ, ಕೀವು ಬೇರಿನ ತುದಿಯಿಂದ ಎಲುಬಿನೊಳಗೆ ದಾರಿ ಹುಡುಕುತ್ತದೆ. ಆ ಕಾಲದಲ್ಲಿ ‘ಕಡಿಮೆಯಾಯಿತು, ಇನ್ನು ಕೊರೊನಾ ಮುಗಿದ ಮೇಲೆ ನೋಡೋಣ’ ಎಂದವರೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದವರು. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಗದರಿದವರಲ್ಲಿ ಕೆಲವರಿಗೆ ಬಿದ್ದುಹೋದ ಕ್ಯಾಪಿನ ಚಿಂತೆ, ಕೆನ್ನೆಗೆ ಚುಚ್ಚುವ ಕ್ಲಿಪ್ಪಿನ ತಂತಿಯ ಚಿಂತೆ. ಅವೂ ತೊಂದರೆಯೇ. ತಂತಿಯ ತುದಿಗೆ ಆರ್ಥೊಡಾಂಟಿಕ್ ಮೇಣ ಹಚ್ಚಿಕೊಳ್ಳುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ.

ಮಗು ಬಿದ್ದು ಹಲ್ಲೇ ಉದುರಿದೆ ಎಂದು ಕರೆ ಬಂದಾಗ ಮಾತ್ರ ಮಾತಿಗೆ ಸಮಯವಿಲ್ಲ. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಮೆಲ್ಲಗೆ ತೊಳೆದು ಅದೇ ಗೂಡಿಗೆ ಕೂರಿಸಬೇಕು, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಿ ಬರಬೇಕು. ಗಂಟೆಯೊಳಗೆ ಬಂದರೆ ಆಸೆ, ಅರ್ಧ ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ‘ಮುಂದಿನ ಆದೇಶದವರೆಗೆ’ ಕಾಯುವ ಹಲ್ಲಲ್ಲ ಅದು.

ಮಾತ್ರೆಗಳ ಬಗ್ಗೆಯೂ ಬರೆಯಬೇಕು. ಪತ್ರ ಬರೆದವರು ಮಾತ್ರೆ ಕೊಟ್ಟು ಕೈತೊಳೆದುಕೊಂಡರು ಎಂದಿರುವುದು ಬಹಳ ಕಡೆ ನಿಜ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ದಂತವೈದ್ಯರು ಬರೆದ ಆ್ಯಂಟಿಬಯಾಟಿಕ್ ಚೀಟಿಗಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಹೆಚ್ಚಾದವು. ಅಲ್ಲಿ ಬಾಗಿಲು ಮುಚ್ಚಿದಾಗ ಉಳಿದದ್ದು ಸಲಹೆ, ನೋವಿನ ಮಾತ್ರೆ, ಆ್ಯಂಟಿಬಯಾಟಿಕ್ ಇಷ್ಟೇ. ಹಲ್ಲಿನೊಳಗೆ ನರ ಊದಿಕೊಂಡು ನೋಯುವಾಗ ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಗಟ್ಟಿ ಗೋಡೆಯೊಳಗೆ ಸಿಕ್ಕಿಬಿದ್ದ ಊತ ಅದು, ಹಲ್ಲು ತೆರೆದು ಒತ್ತಡ ಇಳಿಸಿದರೇ ಸಮಾಧಾನ. ಪಿಡುಗಿಗೆ ಮೊದಲೇ, 2019ರ ನವೆಂಬರ್‌ನಲ್ಲಿ, ಅಮೆರಿಕದ ಅದೇ ಸಂಘ ಬಹುಪಾಲು ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ಬೇಡ ಎಂದು ಮಾರ್ಗಸೂಚಿ ಕೊಟ್ಟಿತ್ತು. ನಾಲ್ಕೇ ತಿಂಗಳಿಗೆ ಅದು ಮೂಲೆ ಸೇರಿತು. ಇದರ ನಡುವೆ ಫ್ರಾನ್ಸಿನ ಆರೋಗ್ಯ ಸಚಿವರು ಕೋವಿಡ್‌ನಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಅಪಾಯ ಎಂದು 2020ರ ಮಾರ್ಚ್ 14ರಂದು ಹೇಳಿದ್ದು ಎಲ್ಲರ ಮೊಬೈಲಿಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಬೇಡ ಅಂದಂತೆ ಮಾಡಿ, ಮರುದಿನವೇ ತೊಂದರೆಯಿಲ್ಲ ಎಂದಿತು. ಎರಡನೆಯ ಮಾತು ಯಾರಿಗೂ ಫಾರ್ವರ್ಡ್ ಆಗಲಿಲ್ಲ. ಹಲ್ಲುನೋವಿಗೆ ಚೆನ್ನಾಗಿ ಹಿಡಿಯುವ ಔಷಧಿಯನ್ನೇ ಬಿಟ್ಟು ಜನ ರಾತ್ರಿಯಿಡೀ ಒದ್ದಾಡಿದರು.

ಕೊರೆಯದೆ ಮಾಡಬಹುದಾದ ಕೆಲಸ ಇರಲಿಲ್ಲವೇ? ಇತ್ತು. ಕೈಯಿಂದಲೇ ಹುಳುಕು ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ಪದ್ಧತಿ ಎಂಬತ್ತರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟು, ಯಂತ್ರ ಇಲ್ಲದ ಕಡೆಗಾಗಿ ಬೆಳೆದದ್ದು. ನೀರು ಚಿಮ್ಮುವ ಮಾತೇ ಇಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಸವರಿದರೆ ಎಷ್ಟೋ ಸಲ ಹುಳುಕು ಅಲ್ಲೇ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ನಮ್ಮಲ್ಲಿ ಒಬ್ಬ ತಾಯಿ ಮಗುವಿನ ಹಲ್ಲು ಕಪ್ಪಾದದ್ದು ನೋಡಿ ಮುಖ ಸಿಂಡರಿಸಿದರು. ನಿದ್ದೆ ಮಾಡುತ್ತಾನಾ ಎಂದು ಡಾಕ್ಟರಮ್ಮ ಕೇಳಿದರು. ಮಾಡ್ತಾನೆ ಎಂದರು. ಮಾತು ಅಲ್ಲಿಗೆ ಮುಗಿಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಆ ಸಿಮೆಂಟು, ಈ ದ್ರವ ಎರಡೂ ಸೇರಿದವು, ಫ್ಲೋರೈಡ್ ಇರುವ ಪೇಸ್ಟೂ ಸೇರಿತು. ಒಂದು ವರ್ಷ ಮೊದಲೇ ಪ್ರತಿ ಕ್ಲಿನಿಕ್ಕಿನ ಕಪಾಟಿನಲ್ಲಿ ಇವು ಇದ್ದಿದ್ದರೆ ‘ಮುಚ್ಚಿದೆ’ ಎಂಬ ಫಲಕದ ಅಗತ್ಯ ಅರ್ಧ ಕಡಿಮೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಬಾಗಿಲು ತೆರೆದ ಮೇಲೆ ಬಂದವರ ಬಾಯಲ್ಲಿ ಮುಂದೂಡಿದ್ದರ ಲೆಕ್ಕ ಕಾಣುತ್ತಿತ್ತು. ಫಿಲ್ಲಿಂಗ್‌ನಲ್ಲಿ ಮುಗಿಯಬೇಕಾದ್ದು ರೂಟ್ ಕೆನಾಲ್ ಆಗಿತ್ತು, ರೂಟ್ ಕೆನಾಲ್‌ಗೆ ಹೆಸರು ಬರೆಸಿದ್ದವರು ಹಲ್ಲು ಕೀಳಿಸಿಕೊಂಡು ಹೋದರು. ಸೀಳಿದ ಹಲ್ಲುಗಳು ಬೇರೆ. ಚಿಂತೆಗೆ ರಾತ್ರಿ ಹಲ್ಲು ಕಡಿಯುವವರು ಹೆಚ್ಚಾಗಿದ್ದಾರೆಂದು 2021ರ ಆರಂಭದಲ್ಲಿ ಅಮೆರಿಕದ ಹತ್ತರಲ್ಲಿ ಏಳು ದಂತವೈದ್ಯರು ಹೇಳಿದ್ದರು, ನಾವು ಕಂಡದ್ದೂ ಅದನ್ನೇ. ಆದರೆ ನನ್ನನ್ನು ಕಾಡುವುದು ಫೋನ್ ಮಾಡದವರು. ನಾಲಿಗೆಯ ಅಂಚಿನಲ್ಲಿ ನೋವಿಲ್ಲದ ಒಂದು ಹುಣ್ಣು, ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ. ಎರಡು ವಾರಕ್ಕೂ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಲೇಬೇಕು, ಕ್ಯಾನ್ಸರ್ ಹಾಗೆ ಸದ್ದಿಲ್ಲದೆ ಶುರುವಾಗಬಹುದು. ಇಂಥವನ್ನು ನಾವು ಕಂಡುಹಿಡಿಯುವುದು ಬೇರೆ ಯಾವುದಕ್ಕೋ ಬಂದವರ ಬಾಯಿ ನೋಡುವಾಗ. ತಪಾಸಣೆ ಮುಂದೂಡಬಹುದು ಎಂದಾಗ ಅದೂ ಮುಂದಕ್ಕೆ ಹೋಯಿತು. 2021ರಲ್ಲಿ ಕೋವಿಡ್ ವಾಸಿಯಾದ ಕೆಲವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದು ಸ್ಟೀರಾಯ್ಡ್ ಪಡೆದವರಿಗೆ, ಶಿಲೀಂಧ್ರ ಸೋಂಕು ಬಂದಾಗ ಮೇಲ್ದವಡೆಯ ಹಲ್ಲು ಅಲುಗಾಡುವುದು, ಅಂಗುಳು ಕಪ್ಪಾಗುವುದು ಅದರ ಸೂಚನೆಗಳಲ್ಲಿ ಸೇರಿದ್ದವು. ಇದನ್ನು ನೋಡಬೇಕಾದವರು ಬಾಯಿ ನೋಡುವ ನಾವೇ ತಾನೆ?

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ತುರ್ತು ಸ್ಥಿತಿ ಮುಗಿಯಿತೆಂದಿತು. ಇನ್ನೊಂದು ಪಿಡುಗು ಬರುವುದಿಲ್ಲವೆಂದು ಯಾರೂ ಹೇಳಿಲ್ಲ. ಅದಕ್ಕಾಗಿ ಯೋಜನೆ ಬರೆಯುವವರು ಹಲ್ಲಿನ ಚಿಕಿತ್ಸೆಯನ್ನು ಸೌಂದರ್ಯದ ಕೆಲಸಗಳ ಜೊತೆ ಕಟ್ಟಿ ಪಕ್ಕಕ್ಕಿಡಬಾರದು. ಎಲ್ಲ ಕ್ಲಿನಿಕ್ ತೆರೆದಿರಬೇಕು ಎನ್ನುತ್ತಿಲ್ಲ. ಆದರೆ ಹತ್ತಿರದಲ್ಲಿ ಒಂದಾದರೂ ಕಡೆ ಕೀವು ತೆಗೆಯುವ, ಹಲ್ಲು ಕೀಳುವ, ನರ ತೆರೆದು ನೋವಿಳಿಸುವ ಡಾಕ್ಟರು ಮೊದಲ ದಿನದಿಂದ ಇರಬೇಕು. ಮಾಸ್ಕು, ಲಸಿಕೆಯ ಸರದಿ ಬರೆಯುವಾಗ ಡಾಕ್ಟರ ಹೆಸರಿನ ಜೊತೆಗೆ ಸಕ್ಷನ್ ಹಿಡಿಯುವವಳ ಹೆಸರೂ, ಕಸದ ಬುಟ್ಟಿ ಖಾಲಿ ಮಾಡುವವಳ ಹೆಸರೂ ಇರಲಿ, ನಾವು ಉಸಿರಾಡುವುದು ಅದೇ ಕೋಣೆಯ ಗಾಳಿ. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಎಲ್ಲ ಸಹಾಯಕಿಯರಿಗೂ ಕಲಿಸಿಡಲಿ, ಕಲಿಯಲು ಒಂದು ಮಧ್ಯಾಹ್ನ ಸಾಕು. ಬಾಗಿಲಿಗೆ ‘ಮುಂದಿನ ಆದೇಶದವರೆಗೆ ಮುಚ್ಚಿದೆ’ ಎಂದು ಬರೆದು ಅಂಟಿಸುವವರು ಅದರ ಕೆಳಗೇ ಫೋನ್ ನಂಬರನ್ನೂ, ಅದನ್ನು ಎತ್ತುವವರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸಿಗುತ್ತಾರೆಂಬುದನ್ನೂ ಬರೆಯಲಿ.

ಇಂತಿ,
ದಂತ ಚಿಕಿತ್ಸಾಲಯವೊಂದರ ಸಹಾಯಕಿ