ಅಧ್ಯಕ್ಷೆ ಯಾರು, ಅಧ್ಯಕ್ಷರು ಯಾರು?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಗ್ರಾಮ ಪಂಚಾಯಿತಿ ಸಭೆಗಳ ಎರಡು ವರದಿಗಳು ಅಕ್ಕಪಕ್ಕದಲ್ಲಿ ಪ್ರಕಟವಾಗಿದ್ದವು. ಒಂದರಲ್ಲಿ ‘ಅಧ್ಯಕ್ಷರು ತಿಳಿಸಿದರು’ ಎಂದಿದ್ದರೆ ಇನ್ನೊಂದರಲ್ಲಿ ‘ಮಹಿಳಾ ಅಧ್ಯಕ್ಷೆ ತಿಳಿಸಿದರು’ ಎಂದಿತ್ತು. ಅಧ್ಯಕ್ಷೆ ಎಂದ ಮೇಲೆ ಮತ್ತೆ ‘ಮಹಿಳಾ’ ಏಕೆ ಎಂಬ ಆಕ್ಷೇಪ, ಮೂರು ದಶಕ ಕನ್ನಡ ವ್ಯಾಕರಣ ಕಲಿಸಿದ ನನಗೆ ಥಟ್ಟನೆ ಹೊಳೆಯಿತು. ಅದನ್ನು ಬರೆಯಲು ಕುಳಿತಾಗ ಅದಕ್ಕಿಂತ ದೊಡ್ಡ ಸಂಗತಿಯೊಂದು ನೆನಪಾಯಿತು.

ನಮ್ಮ ಭಾಷೆಯಲ್ಲಿ ಹುದ್ದೆಯ ಹೆಸರಿಗೆ ಸ್ತ್ರೀರೂಪ ಬಂದಿರುವುದು ಬಹುಮಟ್ಟಿಗೆ ಪದದ ಕೊನೆಯ ಸ್ವರದ ಕಾರಣಕ್ಕೆ. ಅಕಾರಾಂತವಾದ ಅಧ್ಯಕ್ಷ, ಸದಸ್ಯ, ಸಚಿವ, ಶಾಸಕ ಎಂಬ ಪದಗಳು ‘ಅಧ್ಯಕ್ಷನು’, ‘ಸಚಿವನು’ ಎಂದು ಪುಲ್ಲಿಂಗದ ಪ್ರತ್ಯಯ ಹಿಡಿಯುವುದರಿಂದ ಹೆಣ್ಣಿಗೆ ಬೇರೆ ರೂಪ ಬೇಕಾಯಿತು. ಇಕಾರಾಂತವಾದ ಮಂತ್ರಿ, ಅಧಿಕಾರಿ, ಕಾರ್ಯದರ್ಶಿ ಎಂಬವು ‘ಮಂತ್ರಿಯು ಬಂದನು’, ‘ಮಂತ್ರಿಯು ಬಂದಳು’ ಎಂದು ಇಬ್ಬರಿಗೂ ಒಗ್ಗಿಕೊಂಡವು. ಹೀಗಾಗಿ ಒಬ್ಬರೇ ಮಹಿಳೆ ಒಂದೇ ಸುದ್ದಿಯ ಮೊದಲ ಸಾಲಿನಲ್ಲಿ ಸಚಿವೆ, ಮೂರನೆಯ ಸಾಲಿನಲ್ಲಿ ಮಂತ್ರಿ. ದೇವದುರ್ಗದ ಕರೆಮ್ಮ, ಸಂಡೂರಿನ ಅನ್ನಪೂರ್ಣ ಅವರು ಶಾಸಕಿಯರು. ಅವರ ಊರಿಗೆ ತಹಶೀಲ್ದಾರರಾಗಿ ಹೆಣ್ಣುಮಗಳೊಬ್ಬರು ಬಂದರೆ ಅವರು ಬರೀ ತಹಶೀಲ್ದಾರರು. ಅಂದಹಾಗೆ ‘ಶಾಸಕಿ’ ಸಂಸ್ಕೃತದ ಪಡಿಯಚ್ಚಲ್ಲ. ಆ ದಾರಿಯಲ್ಲಿ ಹೋಗಿದ್ದರೆ ನಾಯಿಕೆ, ಶಾಸಿಕೆ ಎನ್ನಬೇಕಿತ್ತು. ನಾಯಕಿ, ಲೇಖಕಿ, ಶಾಸಕಿ ಎಂಬವು ಕನ್ನಡವು ತನ್ನ ಬಾಯಿಗೆ ಹೊಂದುವಂತೆ ಮಾಡಿಕೊಂಡ ರೂಪಗಳು. ಇವೆಲ್ಲವುಗಳ ಮೇಲೆ ಗೌರವದ ‘ಅರು’ ಇದೆ. ಅದು ಸೇರಿದೊಡನೆ ಹೆಣ್ಣು ಗಂಡೆಂಬ ಭೇದ ಅಳಿಯುತ್ತದೆ. 1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದ ಕೆ.ಎಸ್. ನಾಗರತ್ನಮ್ಮ ಅವರಿಗೆ ‘ಸಭಾಧ್ಯಕ್ಷರು’ ಎಂಬುದು ತಿದ್ದುಪಡಿಯಿಲ್ಲದೆ ಒಪ್ಪುವ ಪದ.

2007ರಲ್ಲಿ ಪ್ರತಿಭಾ ಪಾಟೀಲ ಅವರು ರಾಷ್ಟ್ರಪತಿಯಾದಾಗ ತರಗತಿಯಲ್ಲಿ ಹುಡುಗನೊಬ್ಬ ಎದ್ದು, ಇನ್ನು ‘ರಾಷ್ಟ್ರಪತ್ನಿ’ ಎನ್ನಬೇಕೇ ಎಂದು ಕೇಳಿದ್ದ. ಪತಿ ಎಂದರೆ ಒಡೆಯ, ಸೇನಾಪತಿಯಲ್ಲಿ ಇರುವುದೂ ಆ ಅರ್ಥವೇ ಎಂದು ಹೇಳಿ ಕೂರಿಸಿದ್ದೆ. ಹದಿನೈದು ವರ್ಷಗಳ ಬಳಿಕ, ದ್ರೌಪದಿ ಮುರ್ಮು ಅವರು ಆ ಸ್ಥಾನಕ್ಕೆ ಬಂದಾಗ, ಸಂಸದರೊಬ್ಬರ ಬಾಯಲ್ಲಿ ಅದೇ ಪದ ಬಂದು ಲೋಕಸಭೆಯಲ್ಲಿ ಗದ್ದಲವಾಯಿತು. ಹುಡುಗನದು ಮುಗ್ಧ ಪ್ರಶ್ನೆಯಾಗಿತ್ತು. ಆದರೆ ಹುದ್ದೆಯ ಸ್ತ್ರೀರೂಪವೆಂದರೆ ಹೆಂಡತಿ ಎಂದೇ ಕಿವಿಗೆ ಕೇಳಿಸುವುದಕ್ಕೆ ನಮ್ಮಲ್ಲಿ ಹಳೆಯ ರೂಢಿಯೂ ಕಾರಣ: ಗೌಡತಿ ಎಂದರೆ ಊರಿನ ಗೌಡಿಕೆ ಮಾಡುವವಳಲ್ಲ, ಗೌಡನ ಹೆಂಡತಿ. ಆದರೆ ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಎಂಬಾಕೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ (ನಾಡಿನ ಮುಖ್ಯಸ್ಥ) ಪದವಿಯನ್ನು ತಾನೇ ವಹಿಸಿಕೊಂಡು ನಾಡನ್ನು ಆಳಿದಳೆಂದು ಬಂದಳಿಕೆಯ ಶಾಸನ ಹೇಳುತ್ತದೆ. ಆ ಗಾವುಂಡನೇ ಇಂದಿನ ಗೌಡ.

ಇಷ್ಟು ತಿಳಿದಿದ್ದ ನಾನು ಬಹುಕಾಲ ‘ಅಧ್ಯಕ್ಷೆ’ ಬೇಡ, ಎಲ್ಲರಿಗೂ ‘ಅಧ್ಯಕ್ಷರು’ ಸಾಕು ಎಂದು ವಾದಿಸುತ್ತಿದ್ದೆ. ಪುಲ್ಲಿಂಗದ ಪದ ಸ್ತ್ರೀಯನ್ನೂ ಒಳಗೊಳ್ಳುತ್ತದೆಂದು, ಕಾನೂನಿನ ಪದಗಳನ್ನು ಹೇಗೆ ಅರ್ಥೈಸಬೇಕೆಂದು ತಿಳಿಸುವ 1897ರ ಜನರಲ್ ಕ್ಲಾಸಸ್ ಕಾಯ್ದೆಯೇ ಹೇಳುವಾಗ ನಮ್ಮ ‘ಅರು’ ಅದಕ್ಕಿಂತ ಉದಾರವಲ್ಲವೇ ಎಂಬುದು ನನ್ನ ವಾದವಾಗಿತ್ತು. ಕೆಲವು ವರ್ಷಗಳ ಹಿಂದೆ ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ಸ್ವಾತಂತ್ರ್ಯ ದಿನದಂದು ಅತಿಥಿಯಾಗಿ ಹೋಗಿದ್ದೆ. ‘ಅಧ್ಯಕ್ಷರು ಬಂದರು’ ಎಂದು ಎಲ್ಲರೂ ಎದ್ದು ನಿಂತರು; ಬಿಳಿ ಅಂಗಿಯ ಗಂಡಸೊಬ್ಬರು ಬಂದು ನಡುವಿನ ಕುರ್ಚಿಯಲ್ಲಿ ಕುಳಿತರು. ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದುದು ನನಗೆ ಗೊತ್ತಿತ್ತು. ಪಕ್ಕದಲ್ಲಿದ್ದ ತಾಯಿಯೊಬ್ಬರನ್ನು ಕೇಳಿದೆ. ‘ಅಲ್ಲಿ ಬೇವಿನ ಗಿಡದ ಕೆಳಗ ನಿಂತಾಳಲ್ರೀ ಅಕ್ಕೋರ, ಆಕೀನ ಅಧ್ಯಕ್ಷಿ’ ಎಂದರು. ಆಕೆ ಮಗುವನ್ನು ಎತ್ತಿಕೊಂಡು ಉಳಿದ ತಾಯಂದಿರ ಜೊತೆ ನಿಂತಿದ್ದರು. ಊರಿನ ಬಾಯಲ್ಲಿ ‘ಅಧ್ಯಕ್ಷಿ’ ಆಕೆಗೆ, ಗೌರವದ ‘ಅಧ್ಯಕ್ಷರು’ ಗಂಡನಿಗೆ ಹಂಚಿಕೆಯಾಗಿತ್ತು.

ಪಂಚಾಯಿತಿ ಕಟ್ಟಡದ ಫಲಕದಲ್ಲೂ ಆಕೆಯ ಹೆಸರಿನ ಮುಂದೆ, ನಮ್ಮ ಭಾಗದ ಕಾಗದಪತ್ರಗಳ ಪದ್ಧತಿಯಂತೆ, ‘ಗಂಡ’ ಎಂದು ಬರೆದು ಆತನ ಹೆಸರನ್ನು ಸೇರಿಸಿದ್ದರು. ಮೇಲಿನ ಸಾಲಿನ ಗಂಡಸಿಗೆ ಹೆಂಡತಿಯ ಹೆಸರಿನ ಅಗತ್ಯ ಬಿದ್ದಿರಲಿಲ್ಲ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಶೇ 25 ಇದ್ದ ಮಹಿಳಾ ಮೀಸಲಾತಿ ಈಗ ಶೇ 50ಕ್ಕೆ ಏರಿದ್ದರೂ ಸ್ಥಿತಿ ಇದು.

ಆದ್ದರಿಂದ ನನ್ನ ಹಳೆಯ ವಾದವನ್ನು ಅರ್ಧ ಹಿಂದಕ್ಕೆ ಪಡೆಯುತ್ತಿದ್ದೇನೆ. ಹೆಸರಿಲ್ಲದ ಬರೀ ‘ಅಧ್ಯಕ್ಷರು’ ನಮ್ಮ ಹಳ್ಳಿಗಳಲ್ಲಿ ಬೇರೆಯವರ ಪಾಲಾಗುತ್ತಿರುವ ತನಕ, ವರದಿಯ ಮೊದಲ ಸಾಲಿನಲ್ಲಿ ಆಕೆಯ ಸ್ವಂತ ಹೆಸರಿನೊಂದಿಗೆ ‘ಅಧ್ಯಕ್ಷೆ’ ಎಂದು ಬರೆದು, ಅಲ್ಲಿಂದ ಮುಂದೆ ಅದೇ ಆಕೆಯನ್ನು ‘ಅಧ್ಯಕ್ಷರು’ ಎಂದು ಕರೆಯುವುದು ಸೂಕ್ತ. ‘ಮಹಿಳಾ’ ಎಂಬ ಹಣೆಪಟ್ಟಿ ಯಾವ ಸಾಲಿನಲ್ಲೂ ಬೇಡ. ಚಿತ್ರದ ಅಡಿಬರಹದಲ್ಲಿ ‘ಅಧ್ಯಕ್ಷೆಯ ಪತಿ’ ಎಂದು ಹೆಸರು ಹಾಕುವ ಬದಲು, ಆ ದಿನ ಅಧ್ಯಕ್ಷೆ ಸಭೆಗೆ ಬಂದಿದ್ದರೇ, ಬಂದಿದ್ದರೆ ಎಲ್ಲಿ ಕುಳಿತಿದ್ದರು ಎಂಬ ಒಂದು ವಾಕ್ಯವನ್ನು ತಮ್ಮ ವರದಿಗಾರರು ಸೇರಿಸಲಿ ಎಂದು ಕೋರುತ್ತೇನೆ.

— ನಿವೃತ್ತ ಕನ್ನಡ ಶಿಕ್ಷಕಿ, ಕೊಪ್ಪಳ