ಸವಾಲು ಕೂಗುವ ಮುನ್ನ ಕಾರು ನೋಡಲು ಬಿಡಿ

ಮಾನ್ಯ ಸಂಪಾದಕರೇ,

ಹರಾಜಿನಲ್ಲಿ ಹಳೆಯ ಕಾರು ಅಗ್ಗವಾಗಿ ಸಿಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸಾಲ ತೀರಿಸದೆ ಜಪ್ತಿಯಾದವು, ವಿಮಾ ಕಂಪನಿಗಳು ಪರಿಹಾರ ಕೊಟ್ಟು ವಶಕ್ಕೆ ಪಡೆದವು, ಸಂಸ್ಥೆಗಳು ಬಳಸಿ ಬಿಟ್ಟವು ಎಲ್ಲವೂ ಅಲ್ಲಿಗೆ ಬರುತ್ತವೆ. ಸಾಮಾನ್ಯವಾಗಿ ‘ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿನ ಮೇಲೆ ಮಾರುವುದರಿಂದ, ಸವಾಲು ಮುಗಿದ ಮೇಲೆ ಎಂಜಿನ್ ಕೆಟ್ಟಿದೆಯೆಂದು ದೂರಿದರೆ ಕೇಳುವವರಿರುವುದಿಲ್ಲ. ಓಡಿಸಿ ನೋಡಲು ಬಿಡುವುದೂ ಅಪರೂಪ.

ಹೀಗಾಗಿ ಹರಾಜಿಗೆ ಮುಂಚೆ ವಾಹನ ನೋಡಲು ಕೊಡುವ ಸಮಯವೇ ಕೊಳ್ಳುವವರಿಗಿರುವ ದೊಡ್ಡ ರಕ್ಷಣೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಒಳತುದಿಯಲ್ಲಿ ಕೆಸರಿನ ಗೆರೆ ಕಂಡರೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ತುಕ್ಕು ಕೂತಿದ್ದರೆ, ಕಾರು ನೀರಿನಲ್ಲಿ ನಿಂತಿತ್ತೆಂದು ಅನುಮಾನಿಸಬೇಕು. ಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತಿದ್ದರೂ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಲೆಕ್ಕದಲ್ಲಿ ಏನೋ ಎಡವಟ್ಟಿದೆ. ಚಾಸಿಸ್ ಸಂಖ್ಯೆ ದಾಖಲೆಗೆ ತಾಳೆಯಾಗಬೇಕೆಂದು ಹೇಳಬೇಕಾಗಿಯೇ ಇಲ್ಲ.

ಕೂಗಿದ ಬೆಲೆಯ ಮೇಲೆ ಹರಾಜುದಾರರ ಶುಲ್ಕ, ತೆರಿಗೆ, ವಾಹನ ಒಯ್ಯಲು ತಡವಾದರೆ ನಿಲುಗಡೆ ಬಾಡಿಗೆ ಸೇರಿಕೊಳ್ಳುವುದು ಎಷ್ಟೋ ಮಂದಿಗೆ ಬಿಲ್ ಕೈಗೆ ಬಂದಾಗಲೇ ಗೊತ್ತಾಗುತ್ತದೆ. ಹರಾಜು ನಡೆಸುವವರು ಈ ಶುಲ್ಕಗಳನ್ನೂ, ತಮಗೆ ತಿಳಿದಿರುವ ಅಪಘಾತ ಅಥವಾ ನೆರೆಯ ಹಾನಿಯನ್ನೂ ವಾಹನಗಳ ಪಟ್ಟಿಯಲ್ಲೇ ಮುದ್ರಿಸಬೇಕು. ಮೆಕ್ಯಾನಿಕ್ ಒಬ್ಬರನ್ನು ಕರೆತಂದು, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಲು ಅವಕಾಶ ಕೊಡಬೇಕು.

— ಓದುಗರೊಬ್ಬರು